ನಾಲಿಗೆಗೂ ಬಡ್ತಿ

ಮೊನ್ನೆ ಒಂದು ಬಿಯರ್ ಮೆನುವಿನಲ್ಲಿ ‘ಕುದುರೆಯ ಕಂಬಳಿಯ ಪರಿಮಳ’ ಎಂದು ಬರೆದಿತ್ತು. ಬೈದದ್ದಲ್ಲ ಸ್ವಾಮಿ, ಹೊಗಳಿದ್ದು. ಬ್ರೆಟನೊಮೈಸಿಸ್ ಎಂಬ ಯೀಸ್ಟ್ ಸೇರಿದರೆ ಇಂಥ ವಾಸನೆ ಬರುತ್ತದೆ, ಬೆಲ್ಜಿಯಂನ ಲ್ಯಾಂಬಿಕ್ ಬಿಯರಿಗೆ ಅದೇ ಹೆಮ್ಮೆ. ಸರಿ, ಒಪ್ಪೋಣ. ಆದರೆ ಪಕ್ಕದ ಮೇಜಿನ ಮಹಾಶಯರು ಲೋಟದೊಳಗೆ ಮೂಗು ಇಳಿಸಿ, ಕಣ್ಣು ಮುಚ್ಚಿ, ‘ಹೌದು, ಕುದುರೆ’ ಎಂದರಲ್ಲ! ಇವರು ಯಾವ ಲಾಯದಲ್ಲಿ ಕಂಬಳಿ ಮೂಸಿ ಬಂದಿದ್ದರೋ.

ಬಿಯರ್ ಕುಡಿಯುವವರ ನಾಲಿಗೆಗೆ ಸಿಗುವ ಈ ಬಡ್ತಿಯ ಪಟ್ಟಿ ನಿಮಗೆಲ್ಲ ಬಾಯಿಪಾಠ. ತಣ್ಣಗಿದ್ದರೆ ಸಾಕು ಅನ್ನುವ ಲಾಗರ್ ಎಂಬ ಸಾದಾ ಬಿಯರಿನ ಕಾಲ ಮೊದಲು. ಆಮೇಲೆ ಗೋಧಿ ಬಿಯರ್. ಆಮೇಲೆ ಐಪಿಎ ಎಂಬ ಕಹಿ ಬಿಯರ್. ಅಲ್ಲಿಂದ ಮನುಷ್ಯ ಕೈಗೆ ಸಿಗುವುದಿಲ್ಲ. ಮಾತೆಲ್ಲ ಐಬಿಯು ಲೆಕ್ಕದಲ್ಲಿ. ಹಾಪ್ಸ್ ಎಂಬ ಹೂವಿನ ಕಹಿ ಲೀಟರಿಗೆ ಎಷ್ಟು ಮಿಲಿಗ್ರಾಂ ಇದೆ ಎನ್ನುವ ಅಳತೆ ಅದು. 100 ದಾಟಿದರೆ ನಾಲಿಗೆಗೆ ವ್ಯತ್ಯಾಸ ತಿಳಿಯುವುದೇ ಕಷ್ಟ. ಆದರೂ ಡೆನ್ಮಾರ್ಕಿನ ಮಿಕೆಲರ್ ಕಂಪನಿ ‘1000 ಐಬಿಯು’ ಎಂದೇ ಹೆಸರಿಟ್ಟು ಒಂದು ಬಿಯರ್ ಇಳಿಸಿತು. ಕುಡಿಯೋದಕ್ಕಿಂತ ಹೇಳಿಕೊಳ್ಳೋದಕ್ಕೆ ಚೆನ್ನಾಗಿದೆ, ಅಲ್ವಾ?

ಕಹಿ ಸಾಕಾದರೆ ಹುಳಿ. ಹುಳಿ ಸಾಕಾದರೆ ವಿಸ್ಕಿ ಪೀಪಾಯಿಯಲ್ಲಿ ತಿಂಗಳುಗಟ್ಟಲೆ ಮಲಗಿಸಿದ ಕಪ್ಪು ಸ್ಟೌಟ್. ಅಮಲಿನಲ್ಲೂ ಪೈಪೋಟಿ ನಡೆಯಿತು. 2010ರಲ್ಲಿ ಸ್ಕಾಟ್ಲೆಂಡಿನ ಬ್ರೂಡಾಗ್ ಶೇ 55 ಆಲ್ಕೋಹಾಲಿನ ಬಿಯರ್ ಮಾಡಿ, ಕೆಲವು ಬಾಟಲಿಗಳನ್ನು ಸತ್ತ ಅಳಿಲುಗಳ ತೊಗಲಿನೊಳಗೆ ತುರುಕಿ ಮಾರಿತು. ಬಾಟಲಿಯ ಕತ್ತು ಅಳಿಲಿನ ಬಾಯಿಯಿಂದ ಹೊರಗೆ! ಬದುಕಿದ್ದಾಗ ಕಾಳು ಹುಡುಕಿಕೊಂಡು ಸುಮ್ನೆ ಓಡಾಡಿಕೊಂಡಿದ್ದ ಪ್ರಾಣಿ. ಸತ್ತ ಮೇಲೆ ಇಂಥ ಉದ್ಯೋಗ.

ಈಗ ಪಂಡಿತರಿಗೆ ಹೊಸದಾಗಿ ಜ್ಞಾನೋದಯವಾಗಿದೆ. ಪಿಲ್ಸ್ನರ್ ಬಲು ಚೆಂದವಂತೆ! 1842ರಲ್ಲಿ ಬೊಹೀಮಿಯಾದ (ಈಗಿನ ಝೆಕ್ ದೇಶ) ಪಿಲ್ಸೆನ್‌ನಲ್ಲಿ ಯೋಸೆಫ್ ಗ್ರೋಲ್ ತಯಾರಿಸಿದ ಲಾಗರ್ ಅದು. ಅಂದಿನಿಂದ ಎಲ್ಲೂ ಓಡಿಹೋಗಿರಲಿಲ್ಲ. ಲಾಗರ್ ಕುಡಿಯುತ್ತಾ ತಮ್ಮಷ್ಟಕ್ಕೆ ಕೂತವರನ್ನು ಇಷ್ಟು ವರ್ಷ ‘ನೀರು ಕುಡಿಯೋರು’ ಎಂದು ಆಡಿಕೊಂಡವರೇ ಇವತ್ತು ಸರಳತೆಯ ಬಗ್ಗೆ ಪ್ರವಚನ ಕೊಡುತ್ತಿದ್ದಾರೆ.

ವಯಸ್ಸಾದಂತೆ ರುಚಿ ಬದಲಾಗುತ್ತದೆ. ಚಿಕ್ಕಂದಿನಲ್ಲಿ ಉಗುಳಿದ ಕಹಿ ದೊಡ್ಡವರಾದ ಮೇಲೆ ಹಿಡಿಸುತ್ತದೆ. ಅಷ್ಟಕ್ಕೆ ಮೆರವಣಿಗೆ ಯಾಕೆ? ದೊಡ್ಡ ಕಂಪನಿಗಳ ಬಿಯರ್ ಬೇಡ ಎಂದು ಬಂಡೆದ್ದವರ ಕಥೆಯಾದರೂ ಏನು? 2011ರಲ್ಲಿ ಅಮೆರಿಕದ ಸಣ್ಣ ಬಿಯರ್ ಕಂಪನಿ ಗೂಸ್ ಐಲೆಂಡ್ ಬಡ್‌ವೈಸರ್ ಮಾಲೀಕರ ಪಾಲಾಯಿತು. 2017ರಲ್ಲಿ ಅಲ್ಲಿಯದೇ ಲಗುನಿಟಾಸ್ ಪೂರ್ತಿಯಾಗಿ ದೈತ್ಯ ಕಂಪನಿ ಹೈನೆಕೆನ್ ಕೈಗೆ ಹೋಯಿತು. ಬಂಡಾಯದ ದುಡ್ಡೂ ಅದೇ ಗಲ್ಲಾಪೆಟ್ಟಿಗೆಗೆ.

ನನಗೆ ತಮಾಷೆ ಮಾಡಿ ಸಾಕಾಗಿದೆ. ಮೆನುವಿನಲ್ಲಿ ಮಾವು, ದೇವದಾರು, ಹಳೇ ಚರ್ಮ, ಏನು ಬೇಕಾದರೂ ಬರೆದುಕೊಳ್ಳಿ. ಜೊತೆಗೆ ಆ ಬಿಯರ್ ಯಾವತ್ತು ತುಂಬಿದ್ದು ಅಂತಲೂ ಬರೆಯಿರಿ. ಐಪಿಎ ಹಳತಾದಷ್ಟೂ ಹಾಪ್ಸ್‌ನ ಘಮ ಇಳಿಯುತ್ತದೆ, ಇದು ಮಾರುವವರಿಗೆ ಗೊತ್ತಿಲ್ಲದ್ದೇನಲ್ಲ. ನಲ್ಲಿಯ ಕೊಳವೆ ತೊಳೆಯದಿದ್ದರೆ ಎಂಥಾ ಬಿಯರೂ ಕೆಡುತ್ತದೆ. ಕೊನೆಯ ಸಲ ಯಾವಾಗ ತೊಳೆದಿರಿ ಎಂದು ಕೇಳಿ ನೋಡಿ. ಮ್ಯಾನೇಜರ್ ಮೀಟಿಂಗಿನಲ್ಲಿದ್ದಾರೆ ಅಂತಾರೆ.