ಹೊಟ್ಟೆಗೆ ಬುದ್ಧಿ ಹೇಳುವ ಮೆಷಿನ್

ಆಲ್ಕಲೈನ್, ಅಂದರೆ ಕ್ಷಾರೀಯ ನೀರಿನ ಮೆಷಿನ್ ಡೆಮೋ ನೀವೂ ನೋಡಿರುತ್ತೀರಿ. ಎರಡು ಲೋಟ ನೀರು, ಎರಡಕ್ಕೂ ಒಂದೆರಡು ಹನಿ ಬಣ್ಣದ ದ್ರಾವಣ. ನಮ್ಮ ಆರ್‌ಓ ನೀರು ಹಳದಿ ಆಗುತ್ತದೆ, ಅವರದು ನೇರಳೆ. ಕ್ಲಬ್‌ಹೌಸಿನಲ್ಲಿ ಕೂತವರೆಲ್ಲ ಹೌಹಾರುತ್ತಾರೆ. ಹಳದಿ ಅಂದರೆ ಆಸಿಡ್, ಆಸಿಡ್ ಅಂದರೆ ಕಾಯಿಲೆ. ಬೆಲೆ ಲಕ್ಷದ ಮೇಲೆ. ಇಎಂಐ ಇದೆ, ಚಿಂತೆ ಬೇಡ.

ಪಾಪ, ಈ ವಿಷಯ ಹೊಟ್ಟೆಗೆ ಯಾರೂ ಹೇಳಿಲ್ಲ. ಅದು ದಿನಕ್ಕೆ ಸುಮಾರು 2 ಲೀಟರ್ ಜಠರರಸ ಸುರಿಸಿಕೊಂಡು ಸುಮ್ನೆ ತನ್ನ ಕೆಲಸ ಮಾಡುತ್ತಿದೆ. ಒಗ್ಗರಣೆ ವಾಸನೆ ಮೂಗಿಗೆ ಬಡಿದರೆ ಸಾಕು, ತುತ್ತು ಬಾಯಿಗೆ ಬೀಳುವ ಮೊದಲೇ ವೇಗಸ್ ನರ ಮೇಲಿಂದ, ಅಂದರೆ ಮೆದುಳಿನಿಂದ, ಆರ್ಡರ್ ತರುತ್ತದೆ, ಆಸಿಡ್ ಶುರು. ಆ ಆಸಿಡ್ ಇಲ್ಲದಿದ್ದರೆ ಪೆಪ್ಸಿನೋಜನ್ ಎಂಬ ಕಚ್ಚಾ ಮಾಲು ಪ್ರೋಟೀನ್ ಜೀರ್ಣಿಸುವ ಪೆಪ್ಸಿನ್ ಆಗುವುದಿಲ್ಲ.

ಈಗ ಲೆಕ್ಕ ನೋಡೋಣ. ಪಿಎಚ್ ಅಂದರೆ ಆಸಿಡ್-ಆಲ್ಕಲೈನ್ ಅಳತೆ: 7 ತಟಸ್ಥ, ಅದಕ್ಕಿಂತ ಕೆಳಗೆ ಆಸಿಡ್, ಮೇಲೆ ಆಲ್ಕಲೈನ್. ಪಿಎಚ್ 9.5ರ ನೀರು ಒಂದು ಲೀಟರ್ ಕುಡಿದರೆ, ಆ ಪಿಎಚ್ ಲೆಕ್ಕದಲ್ಲೇ, ಪಿಎಚ್ 2ರ ಜಠರರಸ ಒಂದು ಟೀ ಚಮಚದಷ್ಟೂ ತಟಸ್ಥ ಆಗುವುದಿಲ್ಲ. ಲಕ್ಷ ಕೊಟ್ಟು ಅರ್ಧ ಚಮಚ! ಅಕಸ್ಮಾತ್ ನಿಜವಾಗಿಯೂ ಆಸಿಡ್ ಕಮ್ಮಿ ಆಯಿತು ಅನ್ನಿ. ಜಠರದ ಕೊನೆಯಲ್ಲಿರುವ ಕೋಶಗಳು ಗ್ಯಾಸ್ಟ್ರಿನ್ ಎಂಬ ಹಾರ್ಮೋನ್ ಬಿಟ್ಟು ಮತ್ತೆ ಆಸಿಡ್ ಸುರಿಯುವಂತೆ ಮಾಡುತ್ತವೆ. ಜಾಸ್ತಿ ಆದರೆ ಬ್ರೇಕ್ ಹಾಕಲು ಸೊಮ್ಯಾಟೊಸ್ಟ್ಯಾಟಿನ್ ಎಂಬ ಇನ್ನೊಂದು ಹಾರ್ಮೋನ್ ಇದೆ. ಇನ್ನೊಂದು ತಮಾಷೆ: ಆಸಿಡ್ ಹೊಟ್ಟೆಗೆ ಬಿಡುವ ಕೋಶವೇ ಹಿಂಬಾಗಿಲಿನಿಂದ ಬೈಕಾರ್ಬನೇಟ್ ಎಂಬ ಆಲ್ಕಲೈನ್ ವಸ್ತುವನ್ನು ರಕ್ತಕ್ಕೆ ಕಳಿಸುತ್ತದೆ. ಅಂದರೆ ರಕ್ತ ಆಲ್ಕಲೈನ್ ಆಗಲಿ ಅನ್ನುವವರು ಹೊಟ್ಟೇಲಿ ಆಸಿಡ್ ಚೆನ್ನಾಗಿ ಬರಲಿ ಅಂತ ಹರಕೆ ಹೊರಬೇಕು.

ಹೊಟ್ಟೆಯೊಳಗೆ ಇಣುಕಿ ನೋಡುವುದು ಹೊಸದೇನಲ್ಲ. 1822ರಲ್ಲಿ ಅಮೆರಿಕದ ಮ್ಯಾಕಿನಾ ದ್ವೀಪದಲ್ಲಿ ಅಲೆಕ್ಸಿ ಸೇಂಟ್ ಮಾರ್ಟಿನ್ ಎಂಬ ತುಪ್ಪಳ ವ್ಯಾಪಾರದ ಆಳಿಗೆ ಗುಂಡು ತಗುಲಿತು. ಬದುಕಿದ, ಆದರೆ ಹೊಟ್ಟೆಯ ತೂತು ಮುಚ್ಚಲಿಲ್ಲ. ಸೇನೆಯ ಡಾಕ್ಟರ್ ವಿಲಿಯಂ ಬೋಮಾಂಟ್ ಮಾಂಸ, ಬ್ರೆಡ್ಡು, ಎಲೆಕೋಸಿನ ಚೂರುಗಳನ್ನು ರೇಷ್ಮೆ ದಾರಕ್ಕೆ ಕಟ್ಟಿ ಆ ತೂತಿನೊಳಗೆ ಇಳಿಬಿಟ್ಟು, ಆಗಾಗ ಎಳೆದು ನೋಡುತ್ತಿದ್ದರು. ಈತ ಸಿಟ್ಟಾದರೆ ಜೀರ್ಣ ಕೆಡುತ್ತದೆ ಅಂತಲೂ ಗಮನಿಸಿದರು. ಹೊಟ್ಟೆಯೊಳಗೆ ದಾರ ಎಳೆದಾಡಿದರೆ ಯಾರಿಗೆ ಸಿಟ್ಟು ಬರಲ್ಲ ಹೇಳಿ? 1833ರಲ್ಲಿ ಅದೆಲ್ಲ ಪುಸ್ತಕವಾಗಿ ಬಂತು. ನಮ್ಮ ಕ್ಲಬ್‌ಹೌಸಿಗೆ ಇನ್ನೂ ತಲುಪಿಲ್ಲ.

ಬೆಂಗಳೂರಿನಲ್ಲಿ ಇದರ ಸೊಗಸೇ ಬೇರೆ. ಬೋರ್‌ವೆಲ್ ನೀರಿನ ಖನಿಜ ತೆಗೆಯಲು ಆರ್‌ಓಗೆ ದುಡ್ಡು, ನೀರು ಸಪ್ಪೆ ಆಯಿತು ಅಂತ ಖನಿಜ ಸೇರಿಸಲು ಇನ್ನೊಂದಕ್ಕೆ ದುಡ್ಡು. ಕುಡಿಯುವ ನೀರಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಅಂತ 2024ರಲ್ಲಿ ಹೇಳಿದ ಊರಿದು. ಈ ಮೆಷಿನ್ ಒಂದು ಲೋಟ ತುಂಬಿಸುವಾಗ ಪಕ್ಕದ ಪೈಪಿನಿಂದ ಆಸಿಡ್ ನೀರನ್ನು ಸಿಂಕಿಗೆ ಬಿಡುತ್ತಲೇ ಇರುತ್ತದೆ. ಅಂದಹಾಗೆ ಕುಡಿಯುವ ನೀರಿನ ಪಿಎಚ್‌ಗೆ ಭಾರತೀಯ ಮಾನಕ 6.5ರಿಂದ 8.5. ಇವರು 9.5 ಅಂತ ಎದೆಯುಬ್ಬಿಸಿ ತೋರಿಸುತ್ತಾರೆ.

ನಕ್ಕಿದ್ದು ಸಾಕು. ಮುಂದಿನ ಸಾಲಿನಲ್ಲಿ ಯಾವಾಗಲೂ ಒಬ್ಬರು ಕೂತಿರುತ್ತಾರೆ, ಮನೆಯಲ್ಲಿ ಯಾರಿಗೋ ಕೀಮೋ ನಡೆಯುತ್ತಿರುತ್ತದೆ. ಡೆಮೋ ಮುಗಿದ ಮೇಲೆ ಮೆಷಿನ್ ಮಾರುವವರು ಅವರ ಪಕ್ಕ ಕೂತು, "ಆಂಟಿ, ಆಲ್ಕಲೈನ್ ಬಾಡೀಲಿ ಕ್ಯಾನ್ಸರ್ ಬದುಕೋದೇ ಇಲ್ಲ" ಅನ್ನುತ್ತಾರೆ. ರಕ್ತದ ಪಿಎಚ್ 7.35ರಿಂದ 7.45ರೊಳಗೆ ಇರುವಂತೆ ಶ್ವಾಸಕೋಶ, ಕಿಡ್ನಿ ಹಗಲೂ ರಾತ್ರಿ ಕಾಯುತ್ತವೆ, ಲೋಟದ ನೀರಿಗೆ ಅದನ್ನು ಅಲ್ಲಾಡಿಸುವ ತಾಕತ್ತಿಲ್ಲ. ಇದು ಗೊತ್ತಿದ್ದೂ ಹೇಳುತ್ತಾರೆ, ಗೊತ್ತಿಲ್ಲದೆಯೂ ಹೇಳುತ್ತಾರೆ, ಎರಡೂ ಒಂದೇ. ಕ್ಯಾನ್ಸರ್ ವಾಸಿ ಮಾಡುತ್ತೇವೆ ಅಂತ ಔಷಧಿಗೆ ಜಾಹೀರಾತು ಕೊಡಬಾರದು ಎಂಬ ಕಾನೂನು 1954ರಿಂದಲೇ ಇದೆ. ಹಾಗಂತ ಕೇಳಿ ನೋಡಿ, "ನಾವು ಔಷಧಿ ಎಲ್ಲಿ ಮಾರ್ತೀವಿ ಸಾರ್, ಬರೀ ನೀರು" ಅಂತಾರೆ.