ನಮ್ಮ ಓಣಿಯ ಹೀರೇಬೀಜ

ಓಣಿಯಲ್ಲಿ ಬೀಜ ಉಳಿಸುವ ಗುಂಪು ಕಟ್ಟೋಣ ಎಂದು ಮಾತೆತ್ತಿದರೆ ಸಾಕು, ನಮ್ಮವರಿಗೆ ಮೊದಲು ನೆನಪಾಗುವುದು ಕಪಾಟು. ಗಾಜಿನ ಬಾಟಲಿ, ಬಾಟಲಿಗೆ ಚೀಟಿ, ಗೋಡೆಗೆ ಬ್ಯಾನರ್, ಉದ್ಘಾಟನೆಗೆ ಯಾರನ್ನು ಕರೆಯಬೇಕೆಂಬ ಚರ್ಚೆ. ಧಾರವಾಡದಲ್ಲಿ ನಾಲ್ಕು ಜನ ಸೇರಿದರೆ ಒಂದು ಸಂಘ, ಐದನೆಯವರು ಬಂದರೆ ಅದಕ್ಕೊಬ್ಬ ಅಧ್ಯಕ್ಷ. ಊರಿನ ಗುಣವೇ ಅದು, ದೂರುತ್ತಿಲ್ಲ. ಆದರೆ ಬೀಜದ ವಿಷಯದಲ್ಲಿ ಕಪಾಟು ಕೊನೆಯ ಕೆಲಸ. ಈ ಮಳೆಗಾಲ ಯಾರ ಹಿತ್ತಲಲ್ಲಿ ಯಾವ ಹೀರೆ ಹಬ್ಬಬೇಕು ಎಂದು ಅಕ್ಕಪಕ್ಕದವರು ಕೂತು ಮಾತಾಡಿಕೊಳ್ಳುವುದು ಮೊದಲಿನದು.

ಹೀಗೆಂದರೆ ನಗುತ್ತಾರೆ. ನಗುವ ಮುಂಚೆ ಹೀರೆಯ ಬಗ್ಗೆ ಸ್ವಲ್ಪ ಕೇಳಿ.

ಹೀರೆ, ಸೋರೆ, ಕುಂಬಳ ಇವುಗಳಲ್ಲಿ ಗಂಡು ಹೂವೇ ಬೇರೆ, ಹೆಣ್ಣು ಹೂವೇ ಬೇರೆ. ಒಂದರಿಂದ ಇನ್ನೊಂದಕ್ಕೆ ಪರಾಗ ಹೊತ್ತು ತರುವುದು ಜೇನು, ಪತಂಗ. ಅವುಗಳಿಗೆ ಕಂಪೌಂಡ್ ಗೋಡೆಯ ಪರಿವೆಯಿಲ್ಲ. ನನ್ನ ಹಿತ್ತಲಲ್ಲಿ ತವರಿನಿಂದ ತಂದ ಹೀರೆ ಇದ್ದು, ಪಕ್ಕದ ಮನೆಯವರು ಅಂಗಡಿಯ ಪೊಟ್ಟಣದ ಹೈಬ್ರಿಡ್ ಹಾಕಿದ್ದರೆ, ನನ್ನ ಕಾಯಿಯೊಳಗಿನ ಬೀಜ ನನ್ನದಾಗಿಯೂ ಉಳಿಯುವುದಿಲ್ಲ, ಅವರದೂ ಆಗುವುದಿಲ್ಲ. ಈ ವರ್ಷದ ಕಾಯಿ ನೋಡಿದರೆ ಏನೂ ತಿಳಿಯದು. ಅದರ ರೂಪ, ರುಚಿ ತಾಯಿಬಳ್ಳಿಯದೇ. ಬೆರಕೆ ಗೊತ್ತಾಗುವುದು ಮುಂದಿನ ವರ್ಷ, ಆ ಬೀಜ ಬಿತ್ತಿದ ಮೇಲೆ. ಬೇಲಿಯ ಮೇಲೆ ತಾನಾಗಿ ಹಬ್ಬಿದ ಕಹಿ ಹೀರೆಯ ಪರಾಗ ಸೇರಿದ್ದರಂತೂ ಕಾಯಿ ಬಾಯಿಗಿಡಲಾಗದಷ್ಟು ಕಹಿ. ಆಗ ನಾವು ಮಣ್ಣನ್ನು ಬೈಯುತ್ತೇವೆ, ನಲ್ಲಿನೀರನ್ನು ಬೈಯುತ್ತೇವೆ, ಬಿತ್ತಿದವರ ಕೈಗುಣವನ್ನು ಬೈಯುತ್ತೇವೆ. (ಸೋರೆಕಾಯಿ ಕಹಿಯಿದ್ದರೆ ಹಿಂದೆಮುಂದೆ ನೋಡದೆ ಎಸೆಯಿರಿ. ಅದರ ರಸ ಕುಡಿದು ಜನ ಸತ್ತದ್ದುಂಟು.)

ಪ್ರಮಾಣಿತ ಬೀಜ ಬೆಳೆಯುವವರಿಗೆ ಸರ್ಕಾರದ ನಿಯಮವೇ ಇದೆ: ಒಂದು ತಳಿಗೂ ಅದೇ ಬೆಳೆಯ ಇನ್ನೊಂದು ತಳಿಗೂ ನಡುವೆ ಇಂತಿಷ್ಟು ಅಂತರ ಇರಬೇಕು. ಟೊಮೆಟೊಗೆ 25 ಮೀಟರ್ ಸಾಕು. ಬದನೆಗೆ 100, ಮೆಣಸಿನಕಾಯಿಗೆ 200, ಹೀರೆಗೆ 500. ನಮ್ಮ ಮನೆಯಿಂದ 500 ಮೀಟರ್ ಅಳೆದರೆ ಹನುಮಂತದೇವರ ಗುಡಿ, ಎರಡು ಪಿಜಿ, ಮೂರು ಓಣಿ, ಒಂದು ಶಾಲೆ ಎಲ್ಲ ಒಳಗೆ ಬರುತ್ತವೆ. 30x40 ಅಡಿಯ ನಿವೇಶನದಲ್ಲಿ ಮನೆ ಕಟ್ಟಿಕೊಂಡ ನಾನು ಒಬ್ಬಳೇ ಹೀರೇಬೀಜ ಉಳಿಸುತ್ತೇನೆ ಎಂದರೆ ಅದು ಬರೀ ಮಾತು. ಓಣಿ ಬೇಕು ಎನ್ನುವುದು ಇದಕ್ಕೆ. ಸಂಘಜೀವನದ ಮೇಲಿನ ಪ್ರೀತಿಯಿಂದ ಹೇಳುತ್ತಿಲ್ಲ. ಸಭೆಗಳೆಂದರೆ ನನಗೆ ಬೇಸರ.

ಎಲ್ಲ ಬೆಳೆಯೂ ಇಷ್ಟು ತಕರಾರಿನದಲ್ಲ. ಅಲಸಂದೆ, ಮೆಂತ್ಯೆ, ಟೊಮೆಟೊ ಹೆಚ್ಚಾಗಿ ತಮ್ಮ ಹೂವಿನ ಪರಾಗದಿಂದಲೇ ಕಾಯಿ ಕಟ್ಟುತ್ತವೆ. ಅವನ್ನು ಯಾರು ಬೇಕಾದರೂ ತಮ್ಮಷ್ಟಕ್ಕೆ ಉಳಿಸಿಕೊಳ್ಳಬಹುದು. ಟೊಮೆಟೊ ಬೀಜವನ್ನು ಲೋಳೆಯ ಸಮೇತ ಎರಡು ಮೂರು ದಿನ ನೀರಿನಲ್ಲಿ ಹುಳಿಯಲು ಬಿಟ್ಟು ತೊಳೆದು ಒಣಗಿಸಬೇಕು, ಅಷ್ಟೆ. ಗೋವಿನಜೋಳ ಮಾತ್ರ ಹಿತ್ತಲಿನವರಿಗೆ ತಕ್ಕದ್ದಲ್ಲ. ನಾಲ್ಕೈದು ಗಿಡದ ಬೀಜವನ್ನೇ ವರ್ಷ ವರ್ಷ ಹಿಡಿಯುತ್ತ ಹೋದರೆ ತಳಿ ಸೊರಗುತ್ತದೆ.

ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಸ್ವಸಹಾಯ ಸಂಘಕ್ಕೆ 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂದ ಮೇಲೆ ನಮ್ಮಲ್ಲೂ ಹಲವರಿಗೆ ಬೀಜ ಬ್ಯಾಂಕಿನ ಹುಮ್ಮಸ್ಸು ಬಂದಿದೆ. ಆ ಹೆಣ್ಣುಮಕ್ಕಳ ಕೆಲಸದ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಅವರು ಉಳಿಸುತ್ತಿರುವುದು ಮುಖ್ಯವಾಗಿ ಸಿರಿಧಾನ್ಯದ ಬೀಜ. ನವಣೆ, ಸಾವೆ ಸಾಮಾನ್ಯವಾಗಿ ಬೆರಕೆಯಾಗದ ಬೆಳೆಗಳು. ಜೊತೆಗೆ ಅವರಿಗೆ ಬಿತ್ತಲು ಹೊಲವಿದೆ. ನಮಗಿರುವುದು ಹಿತ್ತಲು, ಮಾಳಿಗೆ, ಕುಂಡ. ಅವರ ಮಾದರಿಯನ್ನು ಹಾಗೆಯೇ ತಂದು ಇಲ್ಲಿ ನವಣೆ ಬಾಟಲಿ ಜೋಡಿಸಿದರೆ ಅದನ್ನು ಬಿತ್ತುವವರು ಯಾರು? ಬಿತ್ತದೆ ಇಟ್ಟ ಬೀಜಕ್ಕೆ ಮೊಳೆಯುವ ಶಕ್ತಿ ಇಳಿಯುತ್ತಲೇ ಇರುತ್ತದೆ. ಉಳ್ಳಾಗಡ್ಡಿಯ ಬೀಜವಂತೂ ವರ್ಷ ಕಳೆದರೆ ನಂಬಿಕೆಗೆ ಅರ್ಹವಲ್ಲ. ಊರಿನವರು ತಾವು ದಿನಾ ತಿನ್ನುವ ಕಾಯಿಪಲ್ಲೆಯ ಬೀಜ ಉಳಿಸಲಿ.

ಇನ್ನು ಕೈಯಿಂದ ಪರಾಗ ಮುಟ್ಟಿಸುವುದು. ವಿಜ್ಞಾನಿಗಳೇ ಮಾಡಬೇಕಾದ ಕೆಲಸವೆಂದು ಜನ ಹೆದರುತ್ತಾರೆ. ನಮ್ಮ ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನ ಸುತ್ತಮುತ್ತ ನೂರಾರು ಹೆಣ್ಣುಮಕ್ಕಳು ಬೀಜ ಕಂಪನಿಗಳಿಗಾಗಿ ಟೊಮೆಟೊ, ಮೆಣಸಿನ ಹೂವುಗಳಿಗೆ ಇದೇ ಕೆಲಸವನ್ನು ಕೂಲಿಗೆ ಮಾಡುತ್ತಾರೆ. ನಮ್ಮ ಓಣಿಗೆ ಆ ಕಡೆಯಿಂದ ಸೊಸೆಯಾಗಿ ಬಂದ ವೈನಿಯೊಬ್ಬರಿದ್ದಾರೆ. ನಾವು ಪುಸ್ತಕ ತಿರುವುತ್ತ ಕೂತಿದ್ದಾಗ ಅವರು, "ಇದಕ್ಕೇನು ಇಷ್ಟೊಂದು ಓದುತ್ತೀರಿ ಕಾಕೂ, ದಾರ ಕೊಡಿ" ಎಂದು ಎದ್ದರು.

ಹೀರೆಯ ಹೂ ಅರಳುವುದು ಸಂಜೆ. ಅಂದು ಅರಳಲಿರುವ ಹೆಣ್ಣು ಮೊಗ್ಗನ್ನೂ ಗಂಡು ಮೊಗ್ಗನ್ನೂ ಮಧ್ಯಾಹ್ನವೇ ಗುರುತಿಸಿ ತುದಿಗೆ ದಾರ ಸುತ್ತಬೇಕು. ಹೆಣ್ಣು ಮೊಗ್ಗಿನ ಬುಡದಲ್ಲಿ ಪುಟ್ಟ ಕಾಯಿ ಇರುತ್ತದೆ, ತಪ್ಪುವ ಮಾತೇ ಇಲ್ಲ. ಸಂಜೆ ದಾರ ಬಿಚ್ಚಿ, ಅದೇ ತಳಿಯ ಬೇರೆ ಬಳ್ಳಿಯ ಗಂಡು ಹೂವನ್ನು ಕಿತ್ತು, ಎಸಳು ಹಿಂದಕ್ಕೆ ಮಡಚಿ, ಹೆಣ್ಣು ಹೂವಿನ ನಡುವಿನ ಅಂಟು ತುದಿಗೆ ಸವರಿ ಮತ್ತೆ ಕಟ್ಟಬೇಕು. ತೊಟ್ಟಿಗೆ ಕೆಂಪು ದಾರ. ಆ ದಾರವಿರುವ ಕಾಯಿಯನ್ನು ಯಾರೂ ಕೀಳಕೂಡದು. ಬಳ್ಳಿಯಲ್ಲೇ ಒಣಗಿ ಅಲುಗಿಸಿದರೆ ಬೀಜ ಸದ್ದು ಮಾಡಬೇಕು.

ಕೀಳಕೂಡದು ಎನ್ನುವಲ್ಲೇ ಜಗಳ. ನಮ್ಮಲ್ಲಿ ಒಂದು ಕೆಟ್ಟ ಚಾಳಿಯಿದೆ: ಚೆಂದದ ಕಾಯಿಗಳನ್ನೆಲ್ಲ ಪಲ್ಲೆಗೆ ಕೊಯ್ದು, ಎಲೆಯ ಮರೆಯಲ್ಲಿ ಕಣ್ಣುತಪ್ಪಿ ಬಲಿತ, ಸೊಟ್ಟಗಿನ, ಸೀಸನ್ ಕೊನೆಯ ಕಾಯಿಯನ್ನು ಬೀಜಕ್ಕೆ ಬಿಡುವುದು. ಅದನ್ನೇ ವರ್ಷ ವರ್ಷ ಮಾಡಿ, ಜವಾರಿ ತಳಿಯಲ್ಲಿ ಈಗ ಮೊದಲಿನ ಸತ್ವವಿಲ್ಲ ಎಂದು ನಿಟ್ಟುಸಿರು ಬಿಡುವವರೂ ನಾವೇ. ಬೀಜಕ್ಕೆ ಬಿಡಬೇಕಾದದ್ದು ಗಟ್ಟಿ ಬಳ್ಳಿಯ, ಲಕ್ಷಣವಾದ, ಮೊದಮೊದಲಿನ ಕಾಯಿ. ಎದುರುಮನೆಯ ಕಾಕಾ ಇದನ್ನು ಇಂದಿಗೂ ಒಪ್ಪಿಲ್ಲ. "ಕಣ್ಣೆದುರಿಗೆ ಅಷ್ಟು ಚೆಂದದ ಕಾಯಿ ಜೋತಾಡುತ್ತಿದ್ದರೆ ಎಣ್ಣೆಗಾಯಿ ಮಾಡದೆ ಹೇಗಿರುವುದು?" ಎನ್ನುತ್ತಾರೆ. ಅವರ ಸಂಕಟ ನನಗೆ ಅರ್ಥವಾಗುತ್ತದೆ.

ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ನಮ್ಮ ಹೆಮ್ಮೆ, ಸರಿ. ಆದರೆ ಆ ಗುರುತು ಕಾಯುವುದು ಹೆಸರನ್ನು. ಹೊಲದಲ್ಲಿ ಬ್ಯಾಡಗಿಯದೇ ಆದ ಡಬ್ಬಿ ತಳಿಯ ಹೂವಿಗೂ ಪಕ್ಕದ ಖಾರದ ಹೈಬ್ರಿಡ್ ಹೂವಿಗೂ ನಡುವೆ ಹಾರುವ ಜೇನನ್ನು ಅದು ತಡೆಯಲಾರದು. ಮೆಣಸಿನಗಿಡ ತನ್ನ ಪರಾಗದಿಂದಲೂ ಕಾಯಿ ಕಟ್ಟುತ್ತದೆ. ಹಾಗಾಗಿ ಹೂ ಬಿಡುವ ಮುಂಚೆ ಹಳೆಯ ಸೊಳ್ಳೆಪರದೆ ಹೊದಿಸಿದರೆ ಮುಗಿಯಿತು. ಮಾಳಿಗೆಯ ಮೇಲೆ ಸೊಳ್ಳೆಪರದೆಯೊಳಗೆ ಮೆಣಸಿನಗಿಡ ಕಂಡರೆ ಅದು ನಮ್ಮ ಗುಂಪಿನವರ ಮನೆ ಎಂದು ತಿಳಿಯಿರಿ.

ಹೈಬ್ರಿಡ್ ಹಾಕಿದವರ ಮೇಲೆ ನನಗೆ ಸಿಟ್ಟಿಲ್ಲ. 1972ರಲ್ಲಿ ದೇಶಕ್ಕೆ ವರಲಕ್ಷ್ಮಿ ಹೈಬ್ರಿಡ್ ಹತ್ತಿ ಕೊಟ್ಟದ್ದು ಇದೇ ಧಾರವಾಡ. ಇಳುವರಿ ಬೇಕಾದವರು ಹಾಕಲಿ, ಆದರೆ ಅದರ ಬೀಜ ಹಿಡಿದರೆ ಅದೇ ಗಿಡ ಬರುವುದಿಲ್ಲ ಎಂಬುದು ಗೊತ್ತಿರಲಿ. ಹೈಬ್ರಿಡ್ ಹೀರೆ ಹಾಕಿದ್ದೀರೆಂದು ಪಕ್ಕದವರಿಗೆ ಮೊದಲೇ ತಿಳಿಸಿ, ಅಷ್ಟು ಸಾಕು.

"ಹೀಗೆ ಬೀಜ ಹಂಚುವುದು ಕಾನೂನಿಗೆ ವಿರುದ್ಧವಲ್ಲವೇ?" ಎಂದು ವಕೀಲರ ಮನೆಯಿಂದಲೇ ಪ್ರಶ್ನೆ ಬಂತು. ಅಲ್ಲ. 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ 39ನೇ ಕಲಮು, ಬೀಜ ಉಳಿಸುವ, ಬಿತ್ತುವ, ವಿನಿಮಯ ಮಾಡುವ, ಮಾರುವ ಹಕ್ಕನ್ನು ಕೃಷಿಕರಿಗೆ ಕೊಟ್ಟಿದೆ. ನೋಂದಾಯಿತ ತಳಿಯ ಬೀಜವನ್ನು ಬ್ರ್ಯಾಂಡ್ ಹಚ್ಚಿ ಮಾರುವಂತಿಲ್ಲ. ನಾವು ಹಳೆಯ ಜವಾರಿ ಬೀಜವನ್ನು ಹಳೆಯ ಪತ್ರಿಕೆಯ ಪೊಟ್ಟಣದಲ್ಲಿ ಕೊಡುತ್ತೇವೆ, ದುಡ್ಡು ಮುಟ್ಟುವುದಿಲ್ಲ.

ಒಣಗಿಸುವುದರಲ್ಲಿ ಮಾತ್ರ ಸೋಮಾರಿತನ ಬೇಡ. ಬೀಜದ ತೇವಾಂಶ ಶೇ 1ರಷ್ಟು ಇಳಿದರೆ ಬಾಳಿಕೆ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ಬೀಜ ವಿಜ್ಞಾನದವರ ಲೆಕ್ಕ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ತೆರೆದಿಟ್ಟ ಬೀಜ ಮತ್ತೆ ತೇವ ಹೀರಿಕೊಳ್ಳುತ್ತದೆ. ನೆರಳಲ್ಲಿ ಚೆನ್ನಾಗಿ ಒಣಗಿಸಿ, ಬೂದಿ ಬೆರೆಸಿ, ಗಾಳಿಯಾಡದ ಡಬ್ಬಿಗೆ ಹಾಕಿ.

ಈ ಮೃಗಶಿರಾ ಮಳೆಗೆ ನಮ್ಮ ಹಂಚಿಕೆ ಹೀಗಿದೆ: ಗುಡಿಯ ಓಣಿಗೆ ಹೀರೆ, ಶಾಲೆಯ ಹಿಂದಿನವರಿಗೆ ಸೋರೆ, ಮಾಳಿಗೆಯವರಿಗೆ ಮೆಣಸಿನಕಾಯಿ ಮತ್ತು ಮುಳ್ಳು ಬದನೆ. ಕುಂಬಳ ಯಾರಿಗೆ ಎಂಬುದು ಇತ್ಯರ್ಥವಾಗಿಲ್ಲ. ಅದರ ಬಳ್ಳಿ ಎರಡು ಮನೆಯ ಪಾರ್ಕಿಂಗ್ ನುಂಗುತ್ತದೆ. ಹಳೆಯ ಜವಾರಿ ಚವಳಿಕಾಯಿಯ (ಗೋರಿಕಾಯಿಯ) ಬೀಜ ನಮ್ಮಲ್ಲಿಲ್ಲ. ನವಲಗುಂದ, ರೋಣದ ಕಡೆಯ ಯಾರ ಮನೆಯಲ್ಲಾದರೂ ಇದ್ದರೆ ಒಂದು ಹಿಡಿ ಕೊಡಿ. ಬದಲಿಗೆ ಹೀರೇಬೀಜ ಕೊಡುತ್ತೇವೆ, ಕೆಂಪು ದಾರದ ಕಾಯಿಯದು.