ಅತ್ತೆಯವರು ಮತ್ತು ಇಂಗುಗುಂಡಿ

ಚಾವಣಿಯ ಮಳೆನೀರನ್ನು ಅಂಗಳದಲ್ಲೇ ಇಂಗಿಸಬೇಕೆಂದರೆ ಮೊದಲು ಅಲ್ಲಿನ ಮಣ್ಣು ನೀರು ಕುಡಿಯುತ್ತದೆಯೇ ಎಂದು ಪರೀಕ್ಷೆ ಮಾಡಿಸಬೇಕು. ಹೇಳುವುದು ಸುಲಭ. ‘ಮಣ್ಣು ಪರೀಕ್ಷೆ’ ಎಂದು ಫಲಕ ಹಾಕಿಕೊಂಡಿದ್ದ ಕಡೆಗೆ ಫೋನ್ ಮಾಡಿದರೆ, “ಯಾವ ಬೆಳೆ ಹಾಕುತ್ತೀರಿ?” ಎಂದರು. ಅವರು ಸಾರಜನಕ, ರಂಜಕ, ಪೊಟ್ಯಾಷ್ ಎಷ್ಟಿದೆಯೆಂದು ಹೇಳುವವರಂತೆ. ನೀರು ಇಂಗುವುದು ಬಿಡುವುದು ಅವರಿಗೆ ಸಂಬಂಧಿಸಿದ್ದಲ್ಲವಂತೆ. ಇನ್ನೊಬ್ಬರು, “ನಿಮ್ಮದು ಜೇಡಿಮಣ್ಣೋ ಮರಳುಮಣ್ಣೋ? ಅದು ಗೊತ್ತಾದರೆ ಬರುತ್ತೇವೆ” ಎಂದರು. ಅದು ಗೊತ್ತಿದ್ದರೆ ಇವರನ್ನೇಕೆ ಕರೆಯಬೇಕಿತ್ತು?

ಕೊನೆಗೆ ಸಿಕ್ಕ ಎಂಜಿನಿಯರು ಸಜ್ಜನರು. ಆದರೆ ಗೊತ್ತುಮಾಡಿದ ದಿನ ಬೆಳಗಾಗುವ ಮೊದಲೇ ಮಳೆ ಹಿಡಿಯಿತು. “ಇವತ್ತು ಬೇಡ ಸಾರ್, ಮಳೆ ಬಂದರೆ ಅಳತೆ ಕೆಡುತ್ತದೆ” ಎಂದು ಮುಂದೂಡಿದರು. ಮಳೆಗೆಂದೇ ಮಾಡುವ ಕೆಲಸಕ್ಕೆ ಮಳೆಯೇ ವಿಘ್ನ!

ಅಂತೂ ಬಿಸಿಲು ಬಂತು, ಅವರೂ ಬಂದರು. ಇಂಗಿದ ನೀರು ಅಡಿಪಾಯದ ಮಣ್ಣನ್ನು ಸಡಿಲಿಸಬಾರದೆಂದು ಗೋಡೆಯಿಂದ 5 ಮೀಟರ್ ಆಚೆ ಗುಂಡಿ ತೋಡಿಸಿ, ನೀರು ತುಂಬಿಸಿ, ನಡುವೆ ಅಳತೆಕೋಲು ನೆಟ್ಟರು. ಮುಕ್ಕಾಲು ಗುಂಡಿಯಿದ್ದ ನೀರು ಕಾಲು ಗುಂಡಿಗೆ ಇಳಿಯಲು ಎಷ್ಟು ಹೊತ್ತು ಹಿಡಿಯಿತೆಂದು ನೋಡುವುದೇ ಪರೀಕ್ಷೆ. ಹೀಗೆ ಮೂರು ಸಲ. ಮನೆಮಂದಿಯೆಲ್ಲ ಸುತ್ತ ಕುರ್ಚಿ ಹಾಕಿಕೊಂಡು ಕುಳಿತರು. ಮಾಡಲು ಏನೂ ಇಲ್ಲದಿರುವಾಗ ಹೇಳಲು ಎಲ್ಲರಿಗೂ ಏನಾದರೂ ಇರುತ್ತದೆ. “100 ಚದರ ಮೀಟರ್ ಚಾವಣಿಯ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ 2,000 ಲೀಟರ್ ನೀರು” ಎಂದು ಎಂಜಿನಿಯರು ಲೆಕ್ಕ ಬಿಡಿಸಿದರೆ, ನನ್ನ ಭಾವಮೈದ, “ಅಷ್ಟೆಲ್ಲ ಬರುವುದಿಲ್ಲ ಬಿಡಿ” ಎಂದ, ಮೋಡಗಳಿಂದ ಮುಚ್ಚಳಿಕೆ ಬರೆಸಿಕೊಂಡವನ ಹಾಗೆ.

ಎಂಜಿನಿಯರು ಫೋನ್ ಬಂತೆಂದು ಗೇಟಿನ ಹೊರಗೆ ಹೋದರು. ನಾನು ಅಳತೆ ಬರೆದಿಡಲು ಪೆನ್ನು ಹುಡುಕುತ್ತಾ ಒಳಗೆ ಹೋದೆ. ನಮ್ಮ ಮನೆಯಲ್ಲಿ ಬರೆಯುವ ಪೆನ್ನು ಹುಡುಕುವುದೇ ಬೇರೆ ಪುರಾಣ.

ಹೊರಗೆ ಬಂದು ನೋಡಿದರೆ ಎಂಜಿನಿಯರು ಗುಂಡಿಯ ಅಂಚಿನಲ್ಲಿ ಮೊಣಕಾಲೂರಿ ಕುಳಿತಿದ್ದರು. ಅರ್ಧಕ್ಕೆ ಇಳಿದಿದ್ದ ನೀರು ಅಂಚಿನವರೆಗೆ ತುಂಬಿ ತುಳುಕುತ್ತಿತ್ತು. “ಅಂತರ್ಜಲ ಇಷ್ಟು ಮೇಲೆ ಇದೆಯೇ? ಹಾಗಿದ್ದರೆ ಇಲ್ಲಿ ಇಂಗುಗುಂಡಿಯ ಆಸೆ ಬಿಡಿ ಸಾರ್. ತುಂಬಿದ ನೆಲದಲ್ಲಿ ನೀರು ಇಂಗುವುದೆಲ್ಲಿಗೆ?” ಎಂದರು. ಅವರ ಹಣೆಯ ಮೇಲೆ ಬೆವರು.

ಆಗ ತುಳಸಿಕಟ್ಟೆಯ ಪಕ್ಕದಿಂದ, ಕೈಯಲ್ಲಿ ಖಾಲಿ ಬಕೆಟ್ ಹಿಡಿದಿದ್ದ ಅತ್ತೆಯವರು ಹೇಳಿದರು: “ನೀರು ಕಡಿಮೆಯಾಗುತ್ತಾ ಬಂತಲ್ಲಪ್ಪಾ, ನೀವು ತುಂಬಿಸಿದ್ದು ದಂಡವಾಗುತ್ತದೆಂದು ನಾನೇ ಸುರಿದೆ.”

ಎಲ್ಲರೂ ಎಂಜಿನಿಯರ ಮುಖ ನೋಡಿದೆವು. ಅವರು ಬರೆದಿದ್ದ ಅಂಕಿಗಳ ಮೇಲೆ ಗೀಟು ಎಳೆದು, “ಪರವಾಗಿಲ್ಲ ಅಮ್ಮ, ಒಣಮಣ್ಣು ಮೊದಲ ಸಲ ಆತುರದಿಂದ ಕುಡಿಯುತ್ತದೆ. ನೆನೆದ ಮೇಲೆಯೇ ಅದರ ನಿಜವಾದ ವೇಗ ತಿಳಿಯುವುದು” ಎಂದು ಹೊಸದಾಗಿ ಶುರುಮಾಡಿದರು. ಪ್ರತಿ ಸಲವೂ ನೀರು ಹಿಂದಿನದಕ್ಕಿಂತ ನಿಧಾನವಾಗಿ ಇಳಿಯಿತು. ಎಲ್ಲಕ್ಕಿಂತ ನಿಧಾನವಾದ ಅಳತೆಯನ್ನೇ ಲೆಕ್ಕಕ್ಕೆ ಹಿಡಿದರು.

ಇಂಗುಗುಂಡಿ ಈಗ ಚೆನ್ನಾಗಿ ಕೆಲಸ ಮಾಡುತ್ತಿದೆ. ಮನೆಗೆ ಬಂದವರನ್ನೆಲ್ಲ ಅತ್ತೆಯವರು ಅಂಗಳಕ್ಕೆ ಕರೆದೊಯ್ದು, “ನಾನು ನೀರು ಹಾಕಿದ್ದರಿಂದಲೇ ಎಂಜಿನಿಯರಿಗೆ ಸರಿಯಾದ ಲೆಕ್ಕ ಸಿಕ್ಕಿದ್ದು” ಎಂದು ವಿವರಿಸುತ್ತಾರೆ. ಅಲ್ಲವೆನ್ನಲು ನನ್ನ ಬಳಿ ಆಧಾರವಿಲ್ಲ.